ಬಾ ಎನ್ನುವ ಕೈ

ಲೋಡರ್ ಲಾರಿ ಓಡಿಸುವವನಿಗೆ ಮೂಗಿನ ಮುಂದಿರುವುದೇ ಕಾಣುವುದಿಲ್ಲ ಎಂದರೆ ಜನ ನಗುತ್ತಾರೆ. ನಗಲಿ. ಈ ಸೇನಾ ವಿಮಾನ ನಿಲ್ದಾಣದಲ್ಲಿ ನಾನು ಓಡಿಸುವುದು ಅಂಥ ಗಾಡಿಯನ್ನೇ. ಅದರ ಬೆನ್ನ ಮೇಲಿನ ದೊಡ್ಡ ಹಲಗೆಗೆ ಸರಕು ಹೇರಿ, ಹಲಗೆಯನ್ನು ವಿಮಾನದ ಬಾಗಿಲಿನ ಎತ್ತರಕ್ಕೆ ಎತ್ತಿ, ಬಾಗಿಲಿಗೆ ತಾಗಿಯೂ ತಾಗದ ಹಾಗೆ ನಿಲ್ಲಿಸಬೇಕು. ಹಲಗೆ ಮೇಲೇರಿದರೆ ಅದರ ಅಂಚು ನನಗೆ ಕಾಣುವುದಿಲ್ಲ. ಅದಕ್ಕೇ ಕೆಳಗೊಬ್ಬ ನಿಂತು ಕೈಸನ್ನೆ ಮಾಡುತ್ತಾನೆ. ತೋಳುಗಳನ್ನು ಅಡ್ಡ ಹಿಡಿದು ‘ನಿಲ್ಲು’ ಎನ್ನುವ ಹಕ್ಕು ಅಲ್ಲಿರುವ ಯಾರಿಗಾದರೂ ಉಂಟು. ‘ಬಾ’ ಎನ್ನುವ ಹಕ್ಕು ಅವನೊಬ್ಬನಿಗೇ.

ನನ್ನ ಗಾಡಿಗೆ ಆ ಒಬ್ಬರು ನನ್ನ ಭಾವ, ಅಕ್ಕನ ಗಂಡ. ಈ ಕೆಲಸ ಕಲಿಸಿದ್ದೂ ಅವರೇ, ಬೈದು ಬೈದು. ಕಣ್ಣು ಅಷ್ಟು ಚುರುಕೆಂದು ನಿಲ್ದಾಣದವರು ಅವರನ್ನು ಗಿಡುಗ ಎಂದು ಕರೆಯುತ್ತಿದ್ದರು. ಈಗಲೂ ಕರೆಯುತ್ತಾರೆ, ಆದರೆ ಗಿಡುಗನ ಕಣ್ಣು ಮಬ್ಬಾಗಿ ವರ್ಷವಾಗುತ್ತ ಬಂತು. ಇನ್ನು ಸರಿಹೋಗದು ಎಂದು ವೈದ್ಯರೂ ಕೈಚೆಲ್ಲಿದ್ದಾರೆ. ಅಕ್ಕ ಒಂದು ದಿನ ನನ್ನನ್ನು ಅಡುಗೆಮನೆಗೆ ಕರೆದು, ಕೆಲಸ ಬಿಟ್ಟರೆ ಆ ಮನುಷ್ಯ ಮೂಲೆ ಹಿಡಿದುಬಿಡುತ್ತಾರೆ, ನೀನೇ ಹೇಗಾದರೂ ಸಂಭಾಳಿಸು ಎಂದಳು. ಅಕ್ಕನಿಗೆ ಇಲ್ಲ ಎನ್ನಲು ನನಗೆ ಎಂದೂ ಬಂದಿಲ್ಲ.

ಸಂಭಾಳಿಸಿದ್ದು ನೆರಳಿನಿಂದ. ಬಿಸಿಲಿದ್ದರೆ ಹಲಗೆಯ ನೆರಳು, ವಿಮಾನದ ಹೊಟ್ಟೆಯ ನೆರಳು ಎರಡೂ ನೆಲದ ಮೇಲೆ ಬೀಳುತ್ತವೆ. ನಡುವಿನ ಬಿಸಿಲಿನ ಪಟ್ಟಿ ಸಣ್ಣದಾಗುತ್ತ ದಾರದಷ್ಟಾದಾಗ ನಾನೇ ಬ್ರೇಕ್ ಒತ್ತುತ್ತಿದ್ದೆ. ಅದೇ ಹೊತ್ತಿಗೆ ಭಾವನ ತೋಳೂ ಅಡ್ಡವಾಗುತ್ತಿತ್ತು. ಪರವಾಗಿಲ್ಲ, ಇನ್ನೂ ಅಷ್ಟಿಷ್ಟು ಕಾಣುತ್ತದೆ ಅಂದುಕೊಂಡಿದ್ದೆ.

ಮೊನ್ನೆ ಮೋಡ ಕವಿದಿತ್ತು. ಎಲ್ಲೋ ಭೂಮಿ ನಡುಗಿ ಊರಿಗೆ ಊರೇ ನೆಲಕಚ್ಚಿತ್ತು. ಡೇರೆ, ಕಂಬಳಿ, ಔಷಧಿ ಎಂದು ವಾರವಿಡೀ ಗಾಡಿಗೂ ಬಿಡುವಿಲ್ಲ, ನನಗೂ ಇಲ್ಲ. ಸೊಂಟ ಕೊರಡಾಗಿತ್ತು. ವಿಮಾನದ ಹತ್ತಿರ ಬಂದಾಗ ನೆಲದ ಮೇಲೆ ನೆರಳೇ ಇಲ್ಲ. ಅಲ್ಲೇ ನಿಲ್ಲಿಸಬೇಕಿತ್ತು. ಇದೊಂದು ಸಲ ಭಾವನ ಕೈಯನ್ನೇ ನಂಬೋಣ ಎಂದಿತು ದಣಿದ ಮನಸ್ಸು.

ಗಾಡಿ ತೆವಳಿತು. ಭಾವನ ಕೈ ಬಾ, ಬಾ ಎನ್ನುತ್ತಲೇ ಇತ್ತು. ಯಾಕೋ ಅವರ ಮುಖ ನೋಡಿದೆ. ಅವರು ಹಲಗೆಯ ಕಡೆ ನೋಡುತ್ತಲೇ ಇರಲಿಲ್ಲ. ತಲೆ ವಾಲಿಸಿ ನನ್ನ ಇಂಜಿನ್ನಿಗೆ ಕಿವಿಗೊಟ್ಟಿದ್ದರು. ಇಷ್ಟು ದಿನವೂ ಸದ್ದು ಇಳಿದ ಮೇಲೆಯೇ ಅವರು ತೋಳು ಅಡ್ಡ ಹಿಡಿದದ್ದು. ಈಗ ಅವರ ಕೈಗೆ ನಾನು ಕಾಯುತ್ತಿದ್ದೆ, ನನ್ನ ಬ್ರೇಕಿಗೆ ಅವರು ಕಾಯುತ್ತಿದ್ದರು, ಗಾಡಿ ಯಾರಿಗೂ ಕಾಯದೆ ಮುಂದೆ ಹೋಗುತ್ತಿತ್ತು.

ಬ್ರೇಕ್ ತುಳಿದೆ. ಸದ್ದು ಇಳಿಯಿತು. ಆಮೇಲೆ ಭಾವನ ತೋಳು ಅಡ್ಡವಾಯಿತು.

ಇಳಿದು ಹೋಗಿ ನೋಡಿದೆ. ಹಲಗೆಗೂ ವಿಮಾನದ ಮೈಗೂ ನಡುವೆ ಒಂದು ಬೆರಳು ತೂರುವಷ್ಟು ಜಾಗ. ತಾಗಿದ್ದರೆ ವಿಮಾನ ಇಲ್ಲೇ ಕೂರುತ್ತಿತ್ತು, ಅಲ್ಲಿ ಕಾಯುವವರು ಬಯಲಲ್ಲೇ ಮಲಗಬೇಕಿತ್ತು. ಅಕ್ಕನ ಮೇಲೆ, ಭಾವನ ಮೇಲೆ, ನನ್ನ ಮೇಲೆ ಒಟ್ಟಿಗೇ ಸಿಟ್ಟು ಬಂತು. ಸಿಟ್ಟು ಮಾಡುವಷ್ಟು ತ್ರಾಣವೂ ಇರಲಿಲ್ಲ.

ದೂರದಲ್ಲಿದ್ದ ಮೇಲ್ವಿಚಾರಕರು, ಗಿಡುಗ ಅಂದರೆ ಗಿಡುಗನೇ ಎಂದು ಹೊಗಳಿದರು. ಭಾವ ನಗಲಿಲ್ಲ. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು.

“ಎಷ್ಟಿದೆ?”

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು.

“ಒಂದು ಬೆರಳು, ಭಾವ.”

“ನೀನು ನೋಡ್ಕೊಂಡು ನಿಲ್ಸಿದ್ದಾ?”

“ಇಲ್ಲ. ನಿಮ್ಮ ಮುಖ ನೋಡಿ ನಿಲ್ಸಿದೆ.”

ಸರಕು ಒಳಗೆ ಹೋಯಿತು. ಇನ್ನೊಂದು ಸರದಿ ಬಾಕಿಯಿತ್ತು. ಗಾಡಿ ಹಿಂದೆ ತೆಗೆದು ಮತ್ತೆ ಹೇರಿಕೊಂಡು ಬಂದೆ. ಭಾವ ಅದೇ ಜಾಗದಲ್ಲಿ ನಿಂತಿದ್ದರು. ಗಾಡಿ ಇನ್ನೂ ದೂರವಿರುವಾಗಲೇ ಅವರ ತೋಳುಗಳು ಎದೆಯ ಮುಂದೆ ಅಡ್ಡವಾದವು. ನಿಲ್ಲಿಸಿದೆ. ಏನಾಯಿತೆಂದು ಮೇಲ್ವಿಚಾರಕರು ಓಡಿ ಬಂದರು.

“ಇವನಿಗೆ ಬೇರೆ ಯಾರನ್ನಾದ್ರೂ ಕೊಡಿ, ಸಾರ್. ನಂಗೆ ಕಣ್ಣು ಕಾಣ್ಸಲ್ಲ,” ಎಂದರು ಭಾವ.

ಅಷ್ಟು ಹೇಳಿದರೂ ತೋಳು ಇಳಿಸಲಿಲ್ಲ. ನಾನು ಇಂಜಿನ್ ಆರಿಸಿ, ಚಕ್ರಕ್ಕೆ ಮರದ ತುಂಡು ಕೊಟ್ಟು, ಹತ್ತಿರ ಹೋಗಿ, “ಗಾಡಿ ನಿಂತಿದೆ, ಭಾವ,” ಎಂದು ಮೊಣಕೈ ಹಿಡಿಯುವವರೆಗೂ ಹಾಗೇ ನಿಂತಿದ್ದರು.