ಅಗೆಲು ಬಡಿಸಿದ ಮಧ್ಯಾಹ್ನ

ಕಟಪಾಡಿಯಲ್ಲಿ ಬಸ್ಸಿನೊಳಗೆ ಕಾಲಿಟ್ಟ ಕೂಡಲೇ ಮುಂದಿನ ಸೀಟಿನವರೆಲ್ಲ ಎದ್ದು ನಿಂತರು. ಶೇಖರ ತಲೆಬಾಗಿ ಕೈಮುಗಿದು, ಕುಳಿತುಕೊಳ್ಳಿ ಎಂದು ಸನ್ನೆ ಮಾಡಿದ.

"ಅವರಿಗೆ ಇಳೀಲಿಕ್ಕೆ ಉಂಟು ಮಾರಾಯ್ರೆ, ಓಟು ಆಮೇಲೆ ಕೇಳಿ," ಎಂದ ಕಂಡಕ್ಟರ್.

ಹೈಕೋರ್ಟಿನ ನ್ಯಾಯಮೂರ್ತಿಯಾಗಿ ನಿವೃತ್ತನಾಗಿ ತಿಂಗಳಾಗಿತ್ತಷ್ಟೆ. ಮೈ ಇನ್ನೂ ಪೀಠದಲ್ಲೇ ಇತ್ತು.

ಕಾಪುವಿನಲ್ಲಿ ಇಳಿದಾಗ ಆಟಿ ತಿಂಗಳ ಮಳೆ ಬಿಟ್ಟಿತ್ತು. ದಡಕ್ಕೆಳೆದ ದೋಣಿಗಳು ತೆಂಗಿನ ಮಡಲು ಹೊದ್ದು ಮಲಗಿದ್ದವು. ಸಮುದ್ರ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತೆಂದು ತಿಳಿಯುತ್ತಿರಲಿಲ್ಲ. ದೀಪಸ್ತಂಭವೂ ತನ್ನ ಜತೆಗೇ ನಡೆದು ಬರುತ್ತಿರುವಂತೆ ಅವನಿಗೆ ತೋರಿತು.

ಅಕ್ಕ ಮೋಹಿನಿ ಮುಚ್ಚಿದ ಬಾಗಿಲಿನ ಹೊರಗೆ, ಜಗಲಿಯಲ್ಲಿ ಕುಳಿತಿದ್ದಳು.

"ಕಾರು, ಪೊಲೀಸು ಎಲ್ಲ ಎಲ್ಲಿ?"

"ಬಸ್ಸಲ್ಲಿ ಬಂದೆ ಅಕ್ಕ."

"ಮೆಲ್ಲ ಮಾತಾಡು. ನಿನ್ನ ಭಾವ ಒಳಗೆ ಊಟ ಮಾಡ್ತಿದ್ದಾರೆ."

ಶೇಖರನಿಗೆ ಆಗ ನೆನಪಾಯಿತು. ತೀರಿಕೊಂಡವರಿಗೆ ಬಾಳೆಲೆಯಲ್ಲಿ ಅಗೆಲು ಎಂಬ ಎಡೆ ಬಡಿಸಿ, ಬಾಗಿಲೆಳೆದು, ಅವರು ಉಂಡೇಳುವವರೆಗೆ ಮನೆಯವರು ಹೊರಗೆ ಕಾಯುವ ದಿನ ಇದು. ಅವನೂ ಜಗಲಿಯ ತುದಿಯಲ್ಲಿ ಕುಳಿತ.

ಭಾವ ಗಣಪನ ದೋಣಿಗೆ ಹಡಗು ಗುದ್ದಿದ ಮೊಕದ್ದಮೆ ಒಮ್ಮೆ ಅವನ ಪೀಠಕ್ಕೇ ಬಂದಿತ್ತು. ಶೇಖರ ಅದರಿಂದ ಹಿಂದೆ ಸರಿದ. ಬೇರೆ ಪೀಠದಲ್ಲಿ ಅದು ಮುಗಿಯುವ ತನಕ ಅಕ್ಕನ ಮನೆಗೂ ಕಾಲಿಡುವುದಿಲ್ಲವೆಂದು ತಾನೇ ವಿಧಿಸಿಕೊಂಡ. ಅದು ಮುಗಿಯುವ ಮೊದಲೇ ಗಣಪ ತೀರಿಕೊಂಡ. ಉತ್ತರಕ್ರಿಯೆಯ ಬೊಜ್ಜಕ್ಕೂ ಶೇಖರ ಹೋಗಲಿಲ್ಲ.

"ನಿಯಮ ಅಂತ ಒಂದು ಉಂಟಲ್ಲ ಅಕ್ಕ..."

"ಕೇಸು ಬಿಟ್ಟದ್ದು ನಿಯಮ. ಬೊಜ್ಜಕ್ಕೆ ಬಾರದ್ದು ಎಂತ ನಿಯಮ?"

ಸಾವಿರಾರು ಪುಟ ತೀರ್ಪು ಬರೆಸಿದವನು ಜಗಲಿಯ ಅಂಚನ್ನು ಬೆರಳಲ್ಲಿ ಗೀರತೊಡಗಿದ; ಅಕ್ಕನೇ ಮುಂದುವರಿಸಿದಳು.

"ಪೇಪರಲ್ಲಿ ನಿನ್ನ ಹೆಸರು ಬಂದರೆ ಸಾಕು, ಮೀನು ಏಲಂ ಆಗುವಲ್ಲಿ ಇವರು ಗಟ್ಟಿಯಾಗಿ ಓದುತ್ತಿದ್ದರು. ನಮ್ಮ ಭಾವಮೈದುನ ಮಾಡಿದ್ದು ಸರಿ ಅಂತ ಬೇರೆ. ಅವರಿಗೆ ಸರಿ ಕಂಡಿತು, ಶೇಖರ. ನನಗೆ ಇವತ್ತಿಗೂ ಕಾಣಲಿಲ್ಲ."

ಒಳಗೆ ಲೋಟ ಸರಿದಂತೆ ಸದ್ದಾಯಿತು. ಬೆಕ್ಕಿರಬಹುದು. ಇಬ್ಬರೂ ಹಾಗೆ ಹೇಳಲಿಲ್ಲ. ಮೀನುಸಾರಿನ ವಾಸನೆ ಬಾಗಿಲ ಸಂದಿನಿಂದ ಬಂದು ಜಗಲಿಯಲ್ಲಿ ನಿಂತಿತು. ಹೊತ್ತು ಎಷ್ಟು ಹೋಯಿತೋ.

"ಸಾಕು, ಉಂಡಿರಬೇಕು." ಮೋಹಿನಿ ಸೆರಗು ಕೊಡವಿದಳು, ಏಳಲಿಲ್ಲ. "ಅವರನ್ನು ಕರೆದೇ ಬಾಗಿಲು ತೆಗೀಬೇಕು. ಅದೂ ಮನೆಯವರೇ. ಎಂತ ನೋಡ್ತಿ? ಹೋಗು."

ಶೇಖರ ಬಾಗಿಲಿಗೆ ಕೈಯಿಟ್ಟ.

"ಭಾವಾ..."

ಬಾಗಿಲು ಮೆಲ್ಲನೆ ಸರಿಯಿತು. ದೀಪದ ಬೆಳಕಿನಲ್ಲಿ, ಎಲೆಯ ಮೇಲಿನ ಕುಚ್ಚಲಕ್ಕಿ ಅನ್ನದಿಂದ ಇನ್ನೂ ತೆಳ್ಳಗೆ ಹಬೆ ಏಳುತ್ತಿತ್ತು.