ತಟ್ಟೆಯೂ ಅಲ್ಲ, ಲೋಟವೂ ಅಲ್ಲ

ಫೋರ್‌ಮನ್ ಒಕರಿನಾ ಎಂಬ ಮಣ್ಣಿನ ಊದುವಾದ್ಯವೊಂದನ್ನು ಕಿವಿಯ ಪಕ್ಕ ಹಿಡಿದು ಉಗುರಿನಿಂದ ಮೆಲ್ಲಗೆ ತಟ್ಟಿದರು. ಟಣ್ ಎಂದಿತು. ಬಿರುಕಿಲ್ಲ. ಅದರ ಒಡೆಯ ಪಕ್ಕದ ಕೋಣೆಯಲ್ಲಿ ಪೆಟ್ಟಿಗೆಯೊಳಗೆ ಮಲಗಿದ್ದ; ಅಲ್ಲಿಂದ ಯಾರೋ ಮೂಗು ಸೀಟುವ ಸದ್ದು ಬರುತ್ತಿತ್ತು.

"ನೀವೇ ಒಂದನ್ನ ಆರಿಸಿಕೊಡಿ ಅಣ್ಣಾ," ಎಂದಳು ಸತ್ತವನ ಹೆಂಡತಿ. "ಅವರ ಜೊತೆ ಕಳಿಸೋಣ ಅಂತ. ನನಗೆ ಇದರ ತಲೆಬುಡ ತಿಳಿಯಲ್ಲ. ನನ್ನ ಕಣ್ಣಿಗೆ ಎಲ್ಲಾ ಗೆಣಸೇ."

ತಪ್ಪೇನೂ ಹೇಳಲಿಲ್ಲ ಆಕೆ. ಮೇಜಿನ ಮೇಲೆ ಹತ್ತು ಮಣ್ಣಿನ ಗೆಣಸುಗಳು ಸಾಲಾಗಿ ಕೂತಿದ್ದವು, ಒಂದೊಂದಕ್ಕೂ ಊದಲು ಒಂದು ಮೂತಿ, ಹೊಟ್ಟೆಯ ತುಂಬ ತೂತು. ಊದಿದರೆ ಕೊಳಲಿಗಿಂತ ದುಂಡಾದ ದನಿ. ಹೆಂಚಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಒಂದೊಂದೇ ಹೆಂಚನ್ನು ತಟ್ಟಿ, ಕಿವಿಯಿಂದಲೇ ಬಿರುಕು ಹಿಡಿಯುತ್ತಿದ್ದ ಆ ಮನುಷ್ಯನಿಗೆ ಬೇರೆ ಚಟವಿರಲಿಲ್ಲ. ಬೀಡಿ ಇಲ್ಲ, ಇಸ್ಪೀಟು ಇಲ್ಲ. ಇದೊಂದೇ. ಅದಕ್ಕೇ ಎಲ್ಲರ ಬಾಯಲ್ಲೂ ಗೆಣಸಣ್ಣನಾಗಿದ್ದ.

ಫೋರ್‌ಮನ್ ಕೈಯಲ್ಲಿದ್ದುದನ್ನು ತಿರುಗಿಸಿದರು. ಮೂತಿಯ ಮೇಲೆ ಜೇನಿನ ಬಣ್ಣದ ಹೊಳಪು. ಇನ್ನೊಂದನ್ನು ಎತ್ತಿದರು, ಮತ್ತೊಂದನ್ನು ಎತ್ತಿದರು. ಹತ್ತಕ್ಕೆ ಹತ್ತರ ಮೂತಿಗೂ ಅದೇ ಹೊಳಪು.

"ಇದು... ಇದನ್ನ ಯಾವಾಗ ಹಚ್ಚಿದ?"

"ನೀವು ಕೊಟ್ಟಿದ್ದೇ ಅಲ್ವಾ? ರಿಟೈರಾದ ದಿವಸ ಕೊಟ್ರಲ್ಲ, ಡಬ್ಬ. ಹಿತ್ತಲಲ್ಲಿ ಇಷ್ಟುದ್ದ ಒಲೆ ಕಟ್ಕೊಂಡು ಅವರೇ ಸುಟ್ರು. ಡಬ್ಬ ತಳ ಕಾಣೋವರೆಗೂ ಬಿಡಲಿಲ್ಲ. ಫೋರ್‌ಮನ್ ಕೊಟ್ಟ ಬಂಗಾರದ ನೀರು ಅಂತಿದ್ರು." ಆಕೆಯ ದನಿ ಒಡೆಯಿತು. "ಹೊಟ್ಟೆನೋವು ಶುರುವಾದ ಮೇಲೂ ಬಾಯಿಂದ ಇಳಿಸಲಿಲ್ಲ. ಮೂರು ಜನ ಡಾಕ್ಟರು ಮೂರು ಹೆಸರು ಹೇಳಿದ್ರು. ಕಡೇ ಕಡೇಗೆ ಮುಂಗೈ ಜೋತುಬಿದ್ದು, ತೂತು ಮುಚ್ಚೋಕೂ ಆಗ್ತಿರಲಿಲ್ಲ. ಆಗಲೂ ಸುಮ್ಮನೆ ಬಾಯಲ್ಲಿ ಕಚ್ಚಿಕೊಂಡು ಕೂತಿರೋರು, ಮಕ್ಕಳ ಹಾಗೆ."

ಜೋತುಬಿದ್ದ ಮುಂಗೈ. ಹೆಂಚಿಗೆ ಹೊಳಪಿನ ಲೇಪ ಹಚ್ಚುವ ಕಾರ್ಖಾನೆಯ ಗ್ಲೇಜು ವಿಭಾಗದಲ್ಲಿ ಅಂಥ ಎರಡು ಜೊತೆ ಕೈಗಳನ್ನು ಫೋರ್‌ಮನ್ ಕಣ್ಣಾರೆ ಕಂಡಿದ್ದರು. ಮಂಡಿನೋವಿನ ನೆಪ ಹೇಳಿಕೊಂಡು ಎರಡು ವರ್ಷ ಈ ಮನೆಗೆ ತಲೆ ಹಾಕಿರಲಿಲ್ಲ. ಒಮ್ಮೆ ಬಂದಿದ್ದರೂ ಸಾಕಿತ್ತು, ನೋಡಿದ ತಕ್ಷಣ ಗೊತ್ತಾಗುತ್ತಿತ್ತು.

ಅಷ್ಟರಲ್ಲಿ ಗೆಣಸಣ್ಣನ ಮೊಮ್ಮಗಳು ಬಾಗಿಲ ಸಂದಿಯಿಂದ ಒಳಗೆ ಬಂದಳು. ಎಂಟು ವರ್ಷ, ಸೊರಗಿದ ಮುಖ. ಬಾಯಲ್ಲಿ ಹನ್ನೊಂದನೆಯದು, ಎಲ್ಲಕ್ಕಿಂತ ಚಿಕ್ಕದು. ಅದರ ಮೂತಿ ಎಂಜಲಿನಿಂದ ಮಿರಮಿರ ಮಿಂಚುತ್ತಿತ್ತು.

"ಇದನ್ನ ಮಾತ್ರ ಕೊಡಲ್ಲ ಫೋರ್‌ಮನ್ ತಾತ. ಇದು ನಂದು."

* * *

ಕೆಲಸದಲ್ಲಿದ್ದ ದಿನಗಳಲ್ಲಿ ಸಂಜೆಯ ಪಾಳಿ ಮುಗಿದ ಮೇಲೆ ಫೋರ್‌ಮನ್, ಗೆಣಸಣ್ಣ ಇಬ್ಬರೂ ವಾದ್ಯದಂಗಡಿಗೆ ಹೋಗುತ್ತಿದ್ದರು. ಗೆಣಸಣ್ಣ ಒಕರಿನಾ ಆರಿಸುವ ವೈಖರಿಯೇ ವೈಖರಿ. ಮೊದಲು ತಟ್ಟುವುದು. ಆಮೇಲೆ ಎಲ್ಲ ತೂತು ಮುಚ್ಚಿ, ಮಗುವಿನ ಕಣ್ಣಿಗೆ ಬಿದ್ದ ಧೂಳು ಊದುವಷ್ಟೇ ಮೆತ್ತಗೆ ಊದಿ, ಕೆಳಗಿನ ಸ್ವರ ನಡುಗುತ್ತದೆಯೇ ಎಂದು ನೋಡುವುದು. ಕಡೆಗೆ ಮೇಲಿನ ಸ್ವರ. ಅಲ್ಲಿ ಕೀರಲು ದನಿ ಬಂತೋ, ಎಷ್ಟೇ ಚಂದ ಇದ್ದರೂ ವಾಪಸ್. ಒಂದು ತಾಸು ಇದೇ ಪೂಜೆ.

"ಸ್ವಾಮಿ, ಒಂದನ್ನ ಕೊಳ್ತೀರೋ, ಇಲ್ಲಾ ಎಲ್ಲಕ್ಕೂ ಮುತ್ತು ಕೊಟ್ಟು ಹೋಗ್ತೀರೋ?" ಎಂದು ಅಂಗಡಿಯವನು ರೇಗಿದರೆ ಗೆಣಸಣ್ಣ ಕಿವಿಯವರೆಗೂ ಕೆಂಪಾಗುತ್ತಿದ್ದ. ಮನೆಯಲ್ಲಿ ಹೆಂಡತಿಯೆದುರು ಕೂಡ ಏರುದನಿಯಲ್ಲಿ ಮಾತಾಡಿದವನಲ್ಲ ಪಾಪ.

ದಾರಿಯಲ್ಲಿ ಊದುತ್ತಾ ಬರುವಾಗ ಅವನದು ಒಂದೇ ದೂರು: "ಮಣ್ಣು ಎಂಜಲು ಹೀರ್ಕೊಳ್ತದೆ ಸಾರ್. ಕಾಲು ಗಂಟೆ ಊದೋದ್ರೊಳಗೆ ತೇವ ಕುಡಿದು ದನಿ ಮಂಕಾಗ್ತದೆ. ತುಟಿಗೂ ತರಿತರಿ."

ಆ ದೂರನ್ನು ಫೋರ್‌ಮನ್ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿದ್ದರು.

ಗೆಣಸಣ್ಣ ನಿವೃತ್ತನಾದ ದಿನ ಉಗ್ರಾಣದಲ್ಲಿ ಹಳದಿ ಗ್ಲೇಜಿನ ಒಂದು ಡಬ್ಬ ಉಳಿದಿತ್ತು. ಅದರಲ್ಲಿ ಸೀಸ ಇದೆ, ಎಲ್ಲವನ್ನೂ ಗುಂಡಿ ತೋಡಿ ಹೂಳಿ ಎಂದು ಮೇಲಿನಿಂದ ಆದೇಶ ಬಂದಿತ್ತು. ಅಷ್ಟು ಚಂದದ ಬಣ್ಣವನ್ನು ಹೂಳಲು ಫೋರ್‌ಮನ್‌ಗೆ ಮನಸ್ಸು ಬಂದಿರಲಿಲ್ಲ. ಗೆಳೆಯನಿಗೆ ಕೊಡಲು ಕೈಯಲ್ಲಿ ಬೇರೇನೂ ಇರಲಿಲ್ಲ.

"ಹೂಕುಂಡಕ್ಕೆ ಹಚ್ಚು. ತಟ್ಟೆಗೆ, ಲೋಟಕ್ಕೆ ಮಾತ್ರ ಹಚ್ಚಬೇಡ."

"ಯಾಕೆ ಸಾರ್?"

ಮ್ಯಾನೇಜರು ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದರು. ಕಾರಣ ಹೇಳಿದರೆ, ಹೂಳಬೇಕಾದ ಡಬ್ಬ ಹೊರಗೆ ಹೋಗುತ್ತಿರುವ ಗುಟ್ಟು ರಟ್ಟಾಗುತ್ತಿತ್ತು.

"ಹೇಳಿದಷ್ಟು ಕೇಳು."

ಹೇಳಿದಷ್ಟು ಕೇಳುವುದು ಗೆಣಸಣ್ಣನ ಹುಟ್ಟುಗುಣ. ತಟ್ಟೆಗೆ ಹಚ್ಚಲಿಲ್ಲ. ಲೋಟಕ್ಕೂ ಹಚ್ಚಲಿಲ್ಲ.

* * *

"ಎಲ್ಲವನ್ನೂ ಕಳಿಸಿಬಿಡಿ," ಎಂದರು ಫೋರ್‌ಮನ್. "ಒಂದನ್ನ ಇಟ್ಟು ಹತ್ತನ್ನ ಬಿಟ್ಟರೆ ಅವನ ಜೀವ ಇಲ್ಲೇ ಸುತ್ತುತ್ತೆ. ಮಗೂದೂ ಹೋಗಲಿ."

ಎಂಥಾ ಮಾತು ಹೊಳೆಯಿತು ನೋಡಿ ಆ ಹೊತ್ತಿನಲ್ಲಿ! ಸುಳ್ಳಿಗೆ ದುಃಖದ ಅಂಗಿ ತೊಡಿಸಿದ್ದರು. ವಿಷವೂ ಹೋಯಿತು, ತನ್ನ ಹೆಸರೂ ಉಳಿಯಿತು, ಮಗುವೂ ಇನ್ನು ಬಚಾವ್ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡರು. ಗೆಣಸಣ್ಣನ ಹೆಂಡತಿ ಕಣ್ಣೊರೆಸಿಕೊಂಡು ಬಟ್ಟೆಯ ಚೀಲ ತಂದಳು. ಹುಡುಗಿ ಗೋಳೋ ಎಂದು ಅತ್ತಳು. ಅವಳ ತಾಯಿ ಬೆರಳು ಬಿಡಿಸಿ ಕಿತ್ತುಕೊಳ್ಳಬೇಕಾಯಿತು.

ಸ್ಮಶಾನದಲ್ಲಿ ಗುಂಡಿಯ ಅಂಚು ಹಸಿಯಾಗಿತ್ತು. ಪೆಟ್ಟಿಗೆ ಇಳಿಯಿತು, ಅದರ ಮೇಲೆ ಚೀಲ ಇಳಿಯಿತು. ಒಳಗೆ ಮಣ್ಣಿಗೆ ಮಣ್ಣು ತಾಗಿ ಕಟಕಟ ಎಂದಿತು. ಗಾಳಿಯೇ ಇರಲಿಲ್ಲ. ಮರದ ಮೇಲಿನ ಕಾಗೆ ಕೂಡ ಕೂಗದೆ ಕೆಳಗೇ ನೋಡುತ್ತಿತ್ತು.

ಫೋರ್‌ಮನ್ ಪಕ್ಕದಲ್ಲೇ ಹುಡುಗಿ ಹೊಟ್ಟೆ ಹಿಡಿದುಕೊಂಡು ಕುಕ್ಕರಿಸಿದಳು. ಹಣೆಯ ಮೇಲೆ ಬೆವರು.

"ಅತ್ತೂ ಅತ್ತೂ ಸುಸ್ತಾಗಿರಬೇಕು," ಎಂದರು ಅವರು, ತಮಗೇ ಹೇಳಿಕೊಳ್ಳುವಂತೆ.

"ಇಲ್ಲ ಮಾಮ, ಮೂರು ತಿಂಗಳಿಂದ ಹೀಗೇ," ಎಂದಳು ಹುಡುಗಿಯ ತಾಯಿ, ಗೆಣಸಣ್ಣನ ಮಗಳು. "ಇಷ್ಟು ದಿನ ಹುಳು ಅಂತ ಮಾತ್ರೆ ಕೊಟ್ರು. ಈಗ ಕರುಳಿನದು ಏನೋ ಇರಬೇಕು, ಕೊಯ್ದು ನೋಡ್ತೀವಿ ಅಂತಾರೆ. ಸೋಮವಾರಕ್ಕೆ ಡೇಟು ಕೊಟ್ಟಿದ್ದಾರೆ. ಅಪ್ಪನಿಗೂ ಹೀಗೇ ಶುರುವಾಗಿದ್ದು. ಅದೇ ನನಗೆ ಭಯ."

ಅಂದರೆ ವಿಷ ಚೀಲದಲ್ಲಷ್ಟೇ ಇರಲಿಲ್ಲ. ಅದು ಆಗಲೇ ಆ ಪುಟ್ಟ ಮೈಯಲ್ಲಿ ಇಳಿದಿತ್ತು. ಸೋಮವಾರ ಹೊಟ್ಟೆ ಕೊಯ್ಯುತ್ತಾರೆ, ಏನೂ ಸಿಗುವುದಿಲ್ಲ, ಹೊಲಿದು ಕಳಿಸುತ್ತಾರೆ. ಆಮೇಲೆ ಮುಂಗೈ. ಆಮೇಲೆ ಇಂಥದೇ ಒಂದು ಗುಂಡಿ, ಇದಕ್ಕಿಂತ ಚಿಕ್ಕದು. ಮೊದಲ ಸಲಿಕೆ ಮಣ್ಣು ಬಿತ್ತು. ಎರಡನೆಯದು ಬಿತ್ತು.

"ನಿಲ್ಲಿಸ್ರೀ!"

ಸಲಿಕೆ ಹಿಡಿದವನು ಬೆಚ್ಚಿ ನಿಂತ. ಆ ಎಪ್ಪತ್ತರ ಮುದುಕ, ಮಂಡಿ ಮಡಚಲಾರದ ಮನುಷ್ಯ, ಗುಂಡಿಯ ಅಂಚಿನಲ್ಲಿ ಕೂತು, ಹಸಿಮಣ್ಣು ಜಾರಿಸುತ್ತಾ, ದೊಪ್ಪನೆ ಕೆಳಗಿಳಿದೇಬಿಟ್ಟರು. ಪೆಟ್ಟಿಗೆಯ ಮುಚ್ಚಳ ಅವರ ಭಾರಕ್ಕೆ ಕಿರುಗುಟ್ಟಿತು.

"ಅಯ್ಯೋ, ಇದೇನಣ್ಣಾ? ಹೆಣದ ಮೇಲೆ ನಿಂತಿದ್ದೀರಲ್ಲಾ! ಯಾರಾದ್ರೂ ಹಿಡ್ಕೊಳ್ಳಿ, ತಲೆ ಕೆಟ್ಟಿದೆ ಇವರಿಗೆ!"

"ತಲೆ ಕೆಟ್ಟಿಲ್ಲ ತಂಗಿ." ಅವರು ಚೀಲದ ಬಾಯಿ ಬಿಚ್ಚುತ್ತಿದ್ದರು. "ಆ ಬಂಗಾರದ ನೀರಲ್ಲಿ ಸೀಸ ಇದೆ. ವಿಷ. ಮನೆ ಒಲೆಯ ಶಾಖಕ್ಕೆ ಅದು ಕಚ್ಚಿ ಕೂರಲ್ಲ, ಎಂಜಲು ತಾಗಿದ್ರೆ ಬಿಡ್ತದೆ. ಇವನನ್ನ ತಿಂದಿದ್ದು ಅದೇ. ಮಗೂನ ತಿಂತಾ ಇರೋದೂ ಅದೇ. ನನಗೆ ಗೊತ್ತಿತ್ತು. ಗೊತ್ತಿದ್ದೇ ಕೊಟ್ಟೆ, ಗೊತ್ತಿದ್ದೇ ಈಗ ಹೂಳಿಸೋಕೆ ಹೊರಟಿದ್ದೆ."

ಅವರು ಮೇಲೆ ನಿಂತಿದ್ದ ಮಗಳತ್ತ ಮುಖ ಎತ್ತಿದರು.

"ಹೊಟ್ಟೆ ಕೊಯ್ಯಿಸಬೇಡಿ. ಇವತ್ತೇ ರಕ್ತ ಪರೀಕ್ಷೆ ಮಾಡಿಸಿ. ಬರೀ ಮಾತು ಹೇಳಿದ್ರೆ ಡಾಕ್ಟರು ನಂಬಲ್ಲ, ಇದನ್ನ ತೋರಿಸಿ." ಎಲ್ಲಕ್ಕಿಂತ ಚಿಕ್ಕದನ್ನು ಹುಡುಕಿ ತೆಗೆದು, ಕರವಸ್ತ್ರದಲ್ಲಿ ಸುತ್ತಿ, ಗುಂಡಿಯೊಳಗಿನಿಂದ ಕೈ ಮೇಲೆತ್ತಿ ಹಿಡಿದರು. "ಹಿಡ್ಕೊಳ್ಳಿ ಯಾರಾದ್ರೂ. ಆಮೇಲೆ ನನ್ನನ್ನ ಏನು ಬೇಕಾದ್ರೂ ಮಾಡಿ."

ಹೆಂಡತಿ ಬಾಯಿಗೆ ಕೈ ಒತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಮಗಳು ಕದಲಲಿಲ್ಲ. ಇಷ್ಟು ಹೊತ್ತು ಹತ್ತಿರ ನಿಂತಿದ್ದವರೆಲ್ಲ ಅಂಚು ಬಿಟ್ಟು ದೂರವಾದರು. ಅವರು ಎತ್ತಿದ ತೋಳನ್ನು ಇಳಿಸಲಿಲ್ಲ.

ಆಗ ಮೇಲಿನಿಂದ ಒಂದೇ ಒಂದು ಕೈ ಕೆಳಗೆ ಚಾಚಿತು. ಮಣ್ಣು ಮೆತ್ತಿದ ಪುಟ್ಟ ಕೈ. ಅದರ ಬೆರಳುಗಳು ಆಗಲೇ ತೂತುಗಳ ಅಳತೆಗೆ ಬಿಡಿಬಿಡಿಯಾಗಿ ಅರಳಿದ್ದವು.