ಖಾಲಿ ಹೋದ ದೋಣಿ

ಮೀನು ಒಣಗಿಸುವ ಚಪ್ಪರದ ಪಕ್ಕದಲ್ಲಿ ಮೇಜು ಹಾಕಿಸಿ, ಸೂಜಿಗಳನ್ನು ಕುದಿಸಿಟ್ಟುಕೊಂಡು, ಡಾಕ್ಟರ್ ಸೆಂಪಾಲಾ ಬೆಳಗಿನಿಂದ ಕಾಯುತ್ತಿದ್ದ. ಒಂದು ನರಪಿಳ್ಳೆಯೂ ಹತ್ತಿರ ಸುಳಿಯಲಿಲ್ಲ. ವಿಕ್ಟೋರಿಯಾ ಸರೋವರದ ಈ ಸಣ್ಣ ದ್ವೀಪದಲ್ಲಿ ನಿದ್ರೆಯ ಕಾಯಿಲೆ ಮತ್ತೆ ತಲೆಯೆತ್ತಿತ್ತು. ತ್ಸೆತ್ಸೆ ನೊಣ ಕಚ್ಚಿ ಬರುವ ರೋಗ ಅದು. ಮೊದಲು ಜ್ವರ, ಆಮೇಲೆ ಹಗಲೆಲ್ಲ ತೂಕಡಿಕೆ, ಹಾಗೇ ಬಿಟ್ಟರೆ ಸಾವು. ನಕಿಬೂಕಾ ಅಜ್ಜಿಯ ಮೊಮ್ಮಗಳು ನಬೋಸಾ ಜ್ವರ ಬಂದು ಮಲಗಿದ್ದಾಳೆಂದು ಸರ್ಕಾರಿ ದೋಣಿ ನಡೆಸುವ ಕಲೂಲೆ ಗುಟ್ಟಾಗಿ ಹೇಳಿದ್ದ.

ಕಾದು ಸಾಕಾಗಿ ಸೆಂಪಾಲಾ ಆ ಮನೆಗೇ ಹೋದ. ಹಾಸಿಗೆ ಖಾಲಿ. ಮನೆಗೆ ಬಂದವರಿಗೆ ಅಗಿಯಲು ಕೊಡುವ ಕಾಫಿ ಬೀಜದ ಬುಟ್ಟಿಯನ್ನು ಅಜ್ಜಿ ಮುಂದೆ ಹಿಡಿದಳು.

"ಕೂತ್ಕೊಂಡು ಎರಡು ಬೀಜ ಅಗಿಯಪ್ಪ."

"ಪುರುಸೊತ್ತಿಲ್ಲ ಅಜ್ಜಿ. ಹುಡುಗಿ ಎಲ್ಲಿ?"

"ನೆಂಟರ ಮನೆಗೆ ಹೋಗಿದ್ದಾಳೆ."

ನೆಂಟರ ಮನೆಯೆಂದರೆ ಹಿತ್ತಿಲ ಬಾಳೆತೋಟ ಎಂಬುದು ಅವನಿಗೂ ತಿಳಿಯಿತು. ಅಲ್ಲಿಂದ ಕೆಮ್ಮು ಕೇಳಿಸುತ್ತಿತ್ತು. ಅವನು ದಡಬಡ ವಾಪಸ್ ಬಂದ.

ಮೇಜಿನ ಬಳಿ ನಂಟಾಬಾ ಕಾಲು ಚಾಚಿ ಕೂತು ಸುಟ್ಟ ಗೆಣಸು ತಿನ್ನುತ್ತಿದ್ದಳು. ಕಂಪಾಲಾದಲ್ಲಿ ವರ್ಷಗಟ್ಟಲೆ ಇತಿಹಾಸ ಕಲಿಸಿ ಬಾಯಿ ಬಲಿತ ಹೆಂಗಸು. ಆರೋಗ್ಯ ಇಲಾಖೆಯ ಸಭೆಗಳಿಗೆ ಕರೆಯದಿದ್ದರೂ ಹೋಗಿ, "ಊರಿಗೆ ಔಷಧಿ ಒಯ್ಯೋ ಮೊದಲು, ನಿಮಗಿಂತ ಮುಂಚೆ ಹೋದವರು ಅಲ್ಲಿ ಏನು ಮಾಡಿದ್ರು ಅಂತ ಕೇಳಿ" ಎಂದು ಜಗಳ ತೆಗೆಯುತ್ತಿದ್ದಳು. ಕಾಟ ತಡೆಯಲಾರದೆ ಮೇಲಿನವರು ಈ ಸಲ ಅವಳನ್ನು ಸೆಂಪಾಲಾನ ಕೊರಳಿಗೆ ಕಟ್ಟಿ ಕಳಿಸಿದ್ದರು.

"ನಾಳೆ ಪೊಲೀಸರನ್ನ ಕರೆಸ್ತೀನಿ," ಅಂದ ಸೆಂಪಾಲಾ. "ಆ ಹುಡುಗಿ ಸತ್ತರೆ ಹೊಣೆ ಯಾರು? ನಿಮ್ಮ ಇತಿಹಾಸ ಹೊರುತ್ತಾ?"

"ಕರೆಸು. ಹೋದ ಸಲಾನೂ ಹಾಗೇ ಬಂದಿದ್ರಂತೆ."

"ಯಾವ ಹೋದ ಸಲ? ನಾನು ಬಂದಿರೋದೇ ಮೊದಲ ಸಲ."

"ಬಿಳಿಯರ ಕಾಲದಲ್ಲಿ, ಇದೇ ರೋಗಕ್ಕೆ. ನಿನ್ನೆ ಅಜ್ಜಿ ಹತ್ರ ಬೀಜ ಅಗೀತಾ ಕೇಳಿದೆ. ರಕ್ತ ನೋಡ್ತೀವಿ ಅಂತ ಬಂದು ಇಡೀ ದ್ವೀಪಾನೇ ದೋಣಿ ಹತ್ತಿಸಿದ್ರು. ಹಿಂದೆ ಗುಡಿಸಲಿಗೆ ಬೆಂಕಿ ಇಟ್ರು. ಅಜ್ಜಿಯ ಅಮ್ಮ ಆಗ ಎಳೆ ಹುಡುಗಿ. ಆಚೆ ದಡದಲ್ಲಿ ಕಂಡೋರ ಹೊಲದಲ್ಲಿ ದುಡಿದು ದೊಡ್ಡವಳಾದಳು. ವಾಪಸ್ ಬಂದಾಗ ಹಿರಿಯರ ಸಮಾಧಿ ಎಲ್ಲಿದೆ ಅಂತಾನೇ ಗೊತ್ತಾಗಲಿಲ್ಲ, ಅಷ್ಟು ಕಾಡು."

"ಹಾಗೆ ಮಾಡಿದ್ದಕ್ಕೇ ಅಲ್ವಾ ಎಷ್ಟೋ ಜೀವ ಉಳಿದಿದ್ದು? ನೊಣ ಇಲ್ಲದ ಕಡೆ ಹೋದ್ರು, ಬದುಕಿದ್ರು."

ನಂಟಾಬಾ ಗೆಣಸಿನ ಸಿಪ್ಪೆ ಬಿಸಾಡಿದಳು. "ಬದುಕಿದ್ರು, ಇಲ್ಲ ಅನ್ನಲ್ಲ. ಆದರೆ ಅವರನ್ನ ಯಾರೂ ಒಂದು ಮಾತು ಕೇಳಲಿಲ್ಲ. ಯಾವಾಗ ವಾಪಸ್ ಅಂತ ಹೇಳಲೂ ಇಲ್ಲ. ಹಾವು ಕಚ್ಚಿದೋರು ಹಗ್ಗ ಕಂಡರೂ ಹೆದರ್ತಾರೆ ಕಣಪ್ಪ. ನೀನು ಹಾವನ್ನೇ ತಂದು ದಡಕ್ಕೆ ಕಟ್ಟಿದ್ದೀಯ."

ದಡದಲ್ಲಿ ದೊಡ್ಡ ಬಿಳಿ ಸರ್ಕಾರಿ ದೋಣಿ ನಿಂತಿತ್ತು. ರೋಗಿಗಳನ್ನು ಅಂದೇ ಆಸ್ಪತ್ರೆಗೆ ಒಯ್ಯಲೆಂದು ಸೆಂಪಾಲಾ ಹಟ ಹಿಡಿದು ಮಂಜೂರು ಮಾಡಿಸಿಕೊಂಡ ದೋಣಿ. ಅದನ್ನು ಬಾಳೆತೋಟದೊಳಗಿನಿಂದ ನೋಡಿದರೆ ಹೇಗೆ ಕಾಣುತ್ತದೆಂದು ಅವನು ಯೋಚಿಸಿಯೇ ಇರಲಿಲ್ಲ. ಅವನಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು.

"ಇಲ್ಲೇ ಚಿಕಿತ್ಸೆ ಕೊಟ್ಟು ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನ ಕೆಲಸ ಹೋಗುತ್ತೆ."

"ಹೋಗಬಹುದು. ಪೊಲೀಸರು ಬಂದರೆ ಹುಡುಗಿ ತೋಟ ಬಿಟ್ಟು ಕಾಡಿಗೆ ಹೋಗ್ತಾಳೆ. ನೊಣ ಇರೋದೇ ಅಲ್ಲಿ."

ಸೆಂಪಾಲಾ ದಡಕ್ಕೆ ಹೋಗಿ ದೋಣಿಯಿಂದ ಔಷಧಿ ಪೆಟ್ಟಿಗೆ, ತನ್ನ ಹಾಸಿಗೆ ಇಳಿಸಿಕೊಂಡ.

"ಕಲೂಲೆ, ದೋಣಿ ತಗೊಂಡು ಹೋಗು."

"ಯಾರನ್ನ ಕರ್ಕೊಂಡು ಹೋಗಲಿ ಸ್ವಾಮಿ?"

"ಯಾರನ್ನೂ ಬೇಡ. ಬರೋವಾಗ ನರ್ಸನ್ನ ಕರ್ಕೊಂಡು ಬಾ, ನಾಲ್ಕು ಮಂಚ ತಗೊಂಡು ಬಾ."

"ನೀವು ಎಲ್ಲಿ ಅಂತ ಮೇಲಿನವರು ಕೇಳಿದ್ರೆ?"

"ದ್ವೀಪದವರು ಹಿಡ್ಕೊಂಡಿದ್ದಾರೆ ಅನ್ನು."

ಗುಡಿಸಲುಗಳ ಬಾಗಿಲಲ್ಲಿ ಜನ ಬಂದು ನಿಂತರು. ಖಾಲಿ ದೋಣಿ ಕಣ್ಮರೆಯಾಗುವವರೆಗೂ ಯಾರೂ ಕದಲಲಿಲ್ಲ.

ಸೆಂಪಾಲಾ ಮತ್ತೆ ಅಜ್ಜಿಯ ಮನೆಗೆ ಹೋಗಿ, ಹೇಳಿಸಿಕೊಳ್ಳದೆ ಚಾಪೆಯ ಮೇಲೆ ಕೂತ.

"ನಿನ್ನ ದೋಣಿ ಹೋಯ್ತಲ್ಲ," ಅಂದಳು ಅಜ್ಜಿ.

"ಹೋಯ್ತು."

"ಅದು ವಾಪಸ್ ಬರೋದ್ರೊಳಗೆ ನಿನಗೇ ಆಚೆ ದಡಕ್ಕೆ ಹೋಗಬೇಕು ಅನ್ನಿಸಿದರೆ?"

"ನಿಮ್ಮೋರನ್ನ ಕೇಳಬೇಕು. ಅವರು ತಮ್ಮ ದೋಣಿ ಹತ್ತಿಸಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ."

ಅಜ್ಜಿ ಅವನ ಮುಖವನ್ನೇ ನೋಡಿದಳು. ಅವನು ಬುಟ್ಟಿಯನ್ನು ತಾನೇ ಹತ್ತಿರ ಎಳೆದುಕೊಂಡು ಒಂದು ಬೀಜ ಬಾಯಿಗೆ ಹಾಕಿಕೊಂಡ.

"ನನಗಿಂತ ಮುಂಚೆ ಬಂದೋರು ಏನು ಮಾಡಿದ್ರು, ಹೇಳಿ ಅಜ್ಜಿ."

ಅವಳು ಹೇಳಿದಳು. ಸುಟ್ಟ ಮನೆ, ಬಿಟ್ಟುಹೋದ ಮೇಕೆಗಳು, ಆಚೆ ದಡದಲ್ಲಿ ಮಣ್ಣಾದ ಅಮ್ಮನ ತಮ್ಮಂದಿರು, ಎಲ್ಲವನ್ನೂ ತನ್ನ ತಾಯಿ ಹೇಳಿದ್ದ ಹಾಗೆಯೇ ಹೇಳಿದಳು. ಅವನು ನಡುವೆ ಬಾಯಿ ಹಾಕಲಿಲ್ಲ, ಗಡಿಯಾರವನ್ನೂ ನೋಡಲಿಲ್ಲ. ಮಾತು ಮುಗಿದ ಮೇಲೆ ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು ಹಿತ್ತಿಲ ಕಡೆ ತಿರುಗಿದಳು.

"ನಬೋಸಾ, ಈಚೆ ಬಾರೇ," ಎಂದು ಕೂಗಿದಳು. "ಇವನಿಗೂ ಈಗ ಎಲ್ಲಿಗೂ ಹೋಗೋಕಾಗಲ್ಲ."